ಎರಡೂ ಒಂದೇ

ಅಪ್ಪಾ,

ನನ್ನ ಟರ್ಬೊ ಕಾರಿಗೆ ನೀನು ಹಾಕಿಕೊಟ್ಟ ದಪ್ಪ ಇಂಜಿನ್ ಆಯಿಲ್ ಇಳಿಸಿ, ಕಂಪನಿ ಪುಸ್ತಕದಲ್ಲಿ ಹೇಳಿದ ತೆಳು ಆಯಿಲ್ ಹಾಕಿಸಿದೆ. ಈ ಹೊಸ ಬಗೆಯ ಡೈರೆಕ್ಟ್ ಇಂಜೆಕ್ಷನ್ ಇಂಜಿನ್ನಿಗೆ ಬೇರೆಯದು ಆಗಿಬರುವುದಿಲ್ಲವಂತೆ. ಮುನಿಸಿಕೊಳ್ಳಬೇಡ, ಮೆಕ್ಯಾನಿಕ್ಕನ ಮಗಳು ಬೇರೆ ಗ್ಯಾರೇಜಿಗೆ ಹೋಗಿ ನಿಂತಾಗ ನನಗೇ ನಾಚಿಕೆಯಾಯಿತು.

ನಲವತ್ತು ವರ್ಷ ಬೆರಳ ನಡುವೆ ಉಜ್ಜಿಯೇ ಆಯಿಲ್ ಗುರುತಿಸಿದವನು ನೀನು. ಮೊನ್ನೆ ದಪ್ಪದ್ದು, ತೆಳುವಾದದ್ದು ಎರಡೂ ಡಬ್ಬಿಯದನ್ನು ಉಜ್ಜಿ ನೋಡಿ, "ಎರಡೂ ಒಂದೇ ಕಣೇ, ಯಾವುದಾದ್ರೂ ಹಾಕೋಣ" ಅಂದೆ. ಕಾದ ಇಂಜಿನ್ ಮೇಲಿಟ್ಟ ಕೈಯನ್ನು ನಾನು ಕಿರುಚುವವರೆಗೂ ನೀನು ತೆಗೆಯಲಿಲ್ಲ.

ಸೋಮವಾರ ಹತ್ತು ಗಂಟೆಗೆ ಬರುತ್ತೇನೆ. ನರದ ಡಾಕ್ಟರಿಗೆ ಹೇಳಿಟ್ಟಿದ್ದೇನೆ. ಅಮ್ಮ ಕೇಳಿದರೆ ಆಯಿಲ್ ತರಲು ಹೊರಟಿದ್ದೇವೆ ಅನ್ನು. ಕಾರು ನಾನು ಓಡಿಸುತ್ತೇನೆ. ನೀನು ಪಕ್ಕದಲ್ಲಿ ಕೂತು ಬೈಯುತ್ತಿದ್ದರೆ ಸಾಕು.

ನಿನಗೆ ಸ್ಪ್ಯಾನರ್ ಎತ್ತಿಕೊಡುತ್ತಿದ್ದ
ಮಗಳು