ಭೂಮಿಕಾಳ ನೀಲಿ ಪಾನಕ

ಮಗಳೇ ಸಂಧ್ಯಾ,

ಹೋದ ಸೋಮವಾರ ಕುಣಿಗಲ್ ಆಸ್ಪತ್ರೆಯಿಂದ ಫೋನ್ ಬಂದು ನಮ್ಮ ಪುಟ್ಟ ಭೂಮಿಕಾ ಇನ್ನಿಲ್ಲವೆಂದು ತಿಳಿದಾಗಿನಿಂದ ನೀನು ಅಡುಗೆಮನೆಗೆ ಕಾಲಿಟ್ಟಿಲ್ಲ. ಇಂದು ಕೂಸಿನ ಶಿವಗಣಾರಾಧನೆ. ಅಯ್ಯನವರನ್ನು ಕರೆತರಲು ಗುಬ್ಬಿಗೆ ಹೊರಟಿದ್ದೇನೆ.

ಎಡೆಗೆ ಅವಳ ನೀಲಿ ಪಾನಕವನ್ನು ನೀನೇ ಮಾಡಬೇಕು, ಅದು ಹೆತ್ತವಳ ಕೈಯದೇ ಆಗಿರಲಿ. ಶಂಖಪುಷ್ಪ ಬಿಡಿಸಿ ಬುಟ್ಟಿಯಲ್ಲಿಟ್ಟಿದ್ದೇನೆ. ಬಿಸಿನೀರಿನಲ್ಲಿ ನೆನೆಸಿ, ನೀಲಿ ಬಿಟ್ಟ ಮೇಲೆ ಸೋಸಿ, ಸಕ್ಕರೆ ಕಲಸಿ, ಆರಿದ ನಂತರ ಎಳನೀರಿಗೆ ಬೆರೆಸು. ಬೆಲ್ಲ ಹಾಕಿದರೆ ಬಣ್ಣ ಕೆಡುತ್ತದೆ.

ನಿಂಬೆ ಮಾತ್ರ ಹಿಂಡಬೇಡ. ಹೋಳು ಮಾಡಿ ಲೋಟದ ಪಕ್ಕದಲ್ಲಿಡು. "ತಾತ, ನೀನ್ ಹಿಂಡ್ಬೇಡ ಕಣೋ, ನಾನೇ ಹಿಂಡ್ತೀನಿ, ನೀಲಿ ನೇರಳೆ ಆಗೋದ್ ನೋಡು!" ಎನ್ನುತ್ತಿದ್ದಳಲ್ಲ. ಅವಳ ಕೆಲಸ ಅವಳಿಗೇ ಇರಲಿ.

ಅಳು ಬಂದರೆ ಅತ್ತುಬಿಡು, ತಾಯಿ. ಈ ಮಾವ ಬೇಗ ಬರುತ್ತಾನೆ.

ನೀಲಕಂಠನೇ, ನಮ್ಮ ಕೂಸನ್ನು ನಿನ್ನ ಪಾದದ ನೆರಳಿನಲ್ಲಿ ತಂಪಾಗಿಡು.