ವೆಂಡೆಲ್‌ನ ಮ್ಯಾಗ್ನೆಟೋ

ಅಕ್ಟೋಬರ್ 9, ಗುರುವಾರ

ಬೆಳಿಗ್ಗೆ ಮತ್ತೆ ವೆಂಡೆಲ್‌ನ ಗ್ಯಾರೇಜು. ಶನಿವಾರ ಮುದುಕರ ಡ್ರ್ಯಾಗ್ ರೇಸ್, ನೇರ ದಾರಿಯ ಕಾರು ಓಟ. ನಮ್ಮ ಹಳೇ ತೆರೆದ ಕಾರು, ರೋಡ್‌ಸ್ಟರ್, ಓಡಬೇಕು. ಹೈಸ್ಕೂಲಿನಲ್ಲಿದ್ದಾಗ ಅದರ ಬಾಡಿಯನ್ನು ಯಾರದೋ ಕೋಳಿಗೂಡಿನಿಂದ ಎಳೆದು ತಂದಿದ್ದೆವು. ಮಡ್‌ಗಾರ್ಡ್ ಕಿತ್ತೆಸೆದು, ಟ್ರಕ್ಕಿನ ಇಂಜಿನ್ ಕೂರಿಸಿ, ಪಾಳು ರನ್‌ವೇಯಲ್ಲಿ ಕಾಲು ಮೈಲಿ... ಆಹಾ! ಸ್ಟಾರ್ಟರ್ ಇಲ್ಲ. ಹಿಂದಿನಿಂದ ಟ್ರಕ್ಕಿನಲ್ಲಿ ನೂಕಬೇಕು. ಓಡಿಸುವವನು ಅವನು, ನೂಕುವವನು ನಾನು. ಅಂದಿನಿಂದಲೂ ಹೀಗೇ.

ವೆಂಡೆಲ್‌ನ ಹೆಂಡತಿ ನಡೀನ್ ನನ್ನನ್ನು ಅಡುಗೆಮನೆಗೆ ಕರೆದಳು. "ಆರ್ವಿಲ್, ನಿಮ್ಮ ಗೆಳೆಯರಿಗೆ ಕಣ್ಣು ಕಾಣಲ್ಲ. ಕಾಫೀನ ಕಪ್ಪಿನ ಪಕ್ಕಕ್ಕೆ ಸುರೀತಾರೆ. ನೀವಾದ್ರೂ ತಡೀರಿ, ದಮ್ಮಯ್ಯ."

ಹೇಳಿದರೆ ಕೇಳುವ ಆಸಾಮಿಯೇ ಅವನು?

ಅಕ್ಟೋಬರ್ 11, ಸಂಜೆ

ಮಾಡಿಬಿಟ್ಟೆ.

ಅವನು ಡ್ರೈವರುಗಳ ಮೀಟಿಂಗಿಗೆ ಹೋಗಿದ್ದ. ಇಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋವನ್ನು ಅವನು ಬಿಟ್ಟರೆ ಯಾರೂ ಮುಟ್ಟುವಂತಿಲ್ಲ. ಬರೀ ಕಿವಿಯಿಂದಲೇ ಹೊಂದಿಸುತ್ತಾನೆ. ಬಿಚ್ಚಿದೆ. ಕಿಡಿಯ ಹೊತ್ತು ತಪ್ಪಲೆಂದು ಗೇರಿನ ಒಂದು ಹಲ್ಲಿನಷ್ಟು ತಿರುಗಿಸಿದೆ. ಬೋಲ್ಟ್ ಸಡಿಲವಾಗದಂತೆ ಸುತ್ತುವ ತಂತಿಯನ್ನು ಮತ್ತೆ ತಿರುಚಿ ಬಿಗಿದೆ.

ಆಮೇಲೆ ಏನೂ ಗೊತ್ತಿಲ್ಲದವನ ಹಾಗೆ ನೂಕಿದೆ. ಇಂಜಿನ್ ಢಂ ಎಂದು ಸೀನಿ ಸತ್ತಿತು. ಮತ್ತೆ ನೂಕಿದೆ. ಮತ್ತೆ ಢಂ. ಬೇಲಿಯಾಚೆಯಿಂದ ಯಾವನೋ ಕೂಗಿದ — "ತಾತಾ, ಕುದುರೆ ಕಟ್ಟು!" ಎಲ್ಲರೂ ನಕ್ಕರು.

ವಾಪಸು ಬರುವಾಗ ವೆಂಡೆಲ್ ಹೆಲ್ಮೆಟ್ ಸಹ ತೆಗೆದಿರಲಿಲ್ಲ. "ನನ್ನ ಕಿವೀನೂ ಹೋಯ್ತು ಕಣೋ" ಅಂದ.

ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನಡೀನ್‌ಗೆ ಮಾತ್ರ ಗುಟ್ಟಾಗಿ ಹೇಳಿದೆ. ಥೂ ನನ್ನ ಜನ್ಮಕ್ಕೆ.

ಅಕ್ಟೋಬರ್ 24

ನಡೀನ್ ಫೋನು. ಅಳುತ್ತಿದ್ದಳು. "ಗ್ಯಾಸ್ ಆಫ್ ಮಾಡಿದ್ನಾ, ಬಾಗಿಲು ಹಾಕಿದ್ನಾ ಅಂತ ಎದ್ದೆದ್ದು ನೋಡ್ತಾರೆ. ನನ್ನನ್ನ ನಾನೇ ನಂಬೋ ಹಾಗಿಲ್ಲ ಅಂತಾರೆ. ಗಾಡೀನೂ ಮಾರ್ತಾರಂತೆ."

"ನಾನು ಮಾಡಿದ್ದು ಹೇಳಿಬಿಡ್ಲಾ?"

"ಬೇಡ. ಜೀವಂತ ಇದಾರಲ್ಲ, ಸಾಕು."

ಸಾಕಾ?

ನವೆಂಬರ್ 1, ಶನಿವಾರ

ವೆಂಡೆಲೇ ಬರಹೇಳಿದ. ಕೊಳ್ಳುವವರು ಬರುತ್ತಾರೆಂದು ಇಂಜಿನ್ ಒರೆಸುತ್ತಿದ್ದನಂತೆ. ನನ್ನೆದುರೇ ಕಣ್ಣು ಮುಚ್ಚಿ ಮ್ಯಾಗ್ನೆಟೋದ ತಂತಿಯ ಮೇಲೆ ಬೆರಳಾಡಿಸಿದ.

"ಇದು ಎಡಕ್ಕೆ ತಿರುಚಿರೋದು. ನಾನು ಬಲಗೈಯವನು. ಈ ಗ್ಯಾರೇಜಿಗೆ ಬರೋ ಎಡಚ ಯಾರೋ?"

ಎಡಗೈಯನ್ನು ಜೇಬಿಗೆ ತುರುಕಿದೆ.

"ಎಷ್ಟು ತಿರುಗಿಸ್ದೆ?"

"ಒಂದೇ ಹಲ್ಲು."

"ಹಂಗಾದ್ರೆ... ನಾನಿಟ್ಟಿದ್ದು ಸರಿಯಾಗೇ ಇತ್ತಾ?"

"ಸರಿಯಾಗೇ ಇತ್ತು ಕಣೋ."

ಬೈಯಲಿಲ್ಲ. ಸ್ಟೂಲಿನ ಮೇಲೆ ಕುಸಿದು ಗಳಗಳನೆ ಅತ್ತ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಮೂಗೊರೆಸಿಕೊಂಡು, "ಕಳ್ಳ ನನ್ಮಗನೆ. ಗಾಡಿ ಮಾರಲ್ಲ. ಮುಂದಿನ ಶನಿವಾರ ಟ್ರ್ಯಾಕಲ್ಲಿ ಮತ್ತೆ ರೇಸಿದೆ. ನೂಕ್ತೀಯಾ?"

ಆ ಮುಖಕ್ಕೆ ಇಲ್ಲ ಎನ್ನಲು ನನಗೆ ಬಾಯಿ ಎಲ್ಲಿತ್ತು? ನೂಕುತ್ತೇನೆ ಎಂದುಬಿಟ್ಟೆ.

ಫೋನು ಬಡಿದುಕೊಳ್ಳುತ್ತಿದೆ. ನಡೀನ್ ಇರಬೇಕು. ಅವಳಿಗೆ ಏನಂತ —