ಅಗಿದು ತಿಂದ ಮುದ್ದೆ

ಅಕ್ಟೋಬರ್ 7, ಮಂಗಳವಾರ. ಸಂಜೆ 6.30

ಬೆಳಿಗ್ಗೆ ಮೋಟಾರ್ ಹಾಕಿ ಬಾಡಿಗೆ ಮನೆಗಳ ಟ್ಯಾಂಕ್ ತುಂಬಿಸಿದೆ. ಮೇಲಿನ ಮನೆಯವರ ಗೀಸರ್ ಕೆಟ್ಟಿತ್ತು, ರಿಪೇರಿಯವನಿಗೆ ಫೋನ್ ಮಾಡಿದೆ. ಮಧ್ಯಾಹ್ನ ಊಟ. ಸೊಸೆ ವನಜಾ ಸಾರಿಗೆ ಉಪ್ಪು ಹಾಕಲು ಮರೆತಿದ್ದಳು. ನಾನು ಎರಡು ಸಲ ಬಡಿಸಿಕೊಂಡು, ಚೆನ್ನಾಗಿದೆ ಅಂದು ಎದ್ದಿದ್ದೆ. ಆಮೇಲೆ ಅವಳು ಉಣ್ಣಲು ಕೂತು, ಒಂದು ತುತ್ತು ಬಾಯಿಗಿಟ್ಟು, ನನ್ನನ್ನೇ ನೋಡಿದಳು.

"ಇದನ್ನ ಹೆಂಗೆ ತಿಂದ್ರಿ ಮಾವ?"

ಹಸಿವಾಗಿತ್ತು ಅಂದೆ.

ಹೆಂಡತಿ ವೆಂಕಟಮ್ಮ ಹೋದ ಮೇಲೆ ನಾಲಿಗೆಗೆ ಏನೂ ತಿಳಿಯುತ್ತಿಲ್ಲ. ಉಪ್ಪಿಲ್ಲ, ಹುಳಿಯಿಲ್ಲ. ಯಾರಿಗೂ ಹೇಳಿಲ್ಲ. ಇಷ್ಟು ವರ್ಷ ಅವಳ ಕೈ ಊಟ ಉಂಡವನು, ಇದನ್ನು ಯಾರಿಗೆ ಅಂತ ಹೇಳುವುದು...

ಸಂಜೆ ಯೂನಿವರ್ಸಿಟಿಯಿಂದ ಶಿವಾನಿ ಅಂತ ಒಬ್ಬ ಹುಡುಗಿ ಬಂದಿದ್ದಳು. ಕುಷ್ಟಗಿ ಕಡೆಯವಳು. ರಾಗಿಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಹೊಸ ತಳಿ ಬೆಳೆದಿದ್ದಾರಂತೆ. ಅದರ ಮುದ್ದೆ ತಿಂದು ಹೇಳಲು ಊರಿನ ಹಿರಿಯರು ಬೇಕಂತೆ. ನಮಗೆ ರುಚಿಸದಿದ್ದರೆ ಬೀಜ ರೈತರಿಗೆ ಕೊಡುವುದಿಲ್ಲವಂತೆ. ಪಕ್ಕದ ಮನೆಯ ಕೃಷ್ಣಪ್ಪ ನನ್ನ ಹೆಸರನ್ನೂ ಹೇಳಿಬಿಟ್ಟಿದ್ದಾನೆ.

"ಗೋಪಾಲಪ್ಪನಿಗಿಂತ ಜಾಸ್ತಿ ಮುದ್ದೆ ತಿಂದೋನು ಈ ಹೋಬ್ಳೀಲೇ ಇಲ್ಲ ಕಣಮ್ಮ."

ಬೇಡ ಅನ್ನಲು ಬಾಯಿ ಬರಲಿಲ್ಲ.

ಅಕ್ಟೋಬರ್ 10, ಶುಕ್ರವಾರ

ಹೋಗಿ ಬಂದೆವು. ಬೋರ್ಡಿನ ಮೇಲೆ ವಿಶ್ವವಿದ್ಯಾಲಯ ಅಂತಿದ್ದರೂ ಊರವರಿಗೆ ಅದು ಇವತ್ತಿಗೂ ಕಾಲೇಜೇ. ಅಪ್ಪನ ಕಾಲದಲ್ಲಿ ಊರು ಕೊಟ್ಟ ಜಮೀನು. ಈಗ ಲ್ಯಾಬ್ ಇರುವ ಕಡೆ ನಮ್ಮ ಕಣ ಇತ್ತು. ಮದುವೆಯಾದ ವರ್ಷ ವೆಂಕಟಮ್ಮ ಅಲ್ಲೇ ರಾಗಿ ತೂರಿದ್ದು. ಚಪ್ಪಲಿ ಬಿಟ್ಟು ಒಳಗೆ ಬನ್ನಿ ಅಂದರು. ಕಣಕ್ಕೂ ಹಾಗೇ ಹೋಗುತ್ತಿದ್ದೆವು.

ಒಬ್ಬೊಬ್ಬರಿಗೆ ಒಂದೊಂದು ಗೂಡು. ಕೆಂಪು ಬಲ್ಬು — ಬಣ್ಣ ನೋಡಿ ಹೇಳಬಾರದಂತೆ. ಮುಂದೆ ಮೂರು ಬಟ್ಟಲು. ಎರಡರಲ್ಲಿ ಒಂದೇ ರಾಗಿ, ಒಂದರಲ್ಲಿ ಬೇರೆ. ಬೇರೆಯದು ಯಾವುದು ಅಂತ ತೋರಿಸಬೇಕು. ಹೀಗೆ ಐದು ಸಲ. ನಾಲ್ಕು ಸರಿಯಾದರೆ ತಂಡಕ್ಕೆ ಸೇರಿಸಿಕೊಳ್ಳುತ್ತಾರೆ.

"ಸಾರಿಲ್ವೇನಮ್ಮ?" ಪಕ್ಕದ ಗೂಡಿನಿಂದ ಕೃಷ್ಣಪ್ಪ. "ಜೈಲಲ್ಲೂ ಸಾರು ಕೊಡ್ತಾರೆ!"

ಅಷ್ಟೂ ಜನ ಫೇಲು. ಶಿವಾನಿಗೆ ಅಳು ಬರುವುದೊಂದು ಬಾಕಿ. ಆಮೇಲೆ ಏನೋ ಹೊಳೆದು, ಇನ್ನೊಂದು ಉಂಡೆ ಕೊಟ್ಟು, ನಮ್ಮ ಬಾಯಿಯನ್ನೇ ನೋಡುತ್ತಾ ನಿಂತಳು.

"ಅಜ್ಜಾರ, ಒಬ್ಬರೂ ಅಗಿಯವಲ್ಲಿರಲ್ರೀ! ಹಂಗ ನುಂಗಿದ್ರ ರುಚಿ ಹೆಂಗ ತಿಳೀಬೇಕು?"

"ನಿಮ್ಮ ರೊಟ್ಟಿ ಅಗೀರಿ, ಯಾರು ಬ್ಯಾಡ ಅಂದ್ರು?" ಅಂದ ಕೃಷ್ಣಪ್ಪ. "ಮುದ್ದೆ ಅಗಿದ್ರೆ ನಮ್ಮಪ್ಪ ಸಮಾಧಿಯಿಂದ ಎದ್ದು ಬತ್ತಾನೆ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ನವೆಂಬರ್ 4ಕ್ಕೆ ಇನ್ನೊಂದು ಸಲ ಪರೀಕ್ಷೆ. ಮನೆಯಲ್ಲಿ ಅಗಿದು ಅಭ್ಯಾಸ ಮಾಡಿ ಬರಬೇಕಂತೆ.

ಉಳಿದವರು ಅಗಿದರೆ ಪಾಸಾಗುತ್ತಾರೆ. ನನ್ನ ಕಾಯಿಲೆ ಬೇರೆ. ಆದರೂ ಪಾಸಾಗಬೇಕು ಅನ್ನಿಸುತ್ತಿದೆ. ಇಷ್ಟು ತಿಂಗಳಲ್ಲಿ ಇವತ್ತೇ ನಾನು ನಕ್ಕಿದ್ದು. ಅದೂ ಆ ಕಣದ ಮೇಲೆ.

ಅಕ್ಟೋಬರ್ 14, ಮಂಗಳವಾರ

ಮಧ್ಯಾಹ್ನ ವನಜಾ ಅಂಗಡಿಗೆ ಹೋದಾಗ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಒಂದು ತುತ್ತು ಅಗಿದೆ. ಕಳ್ಳತನ ಮಾಡಿದ ಹಾಗೆ. ಹಲ್ಲಿಗೆ, ಅಂಗುಳಕ್ಕೆ, ಎಲ್ಲಕ್ಕೂ ಅಂಟಿಕೊಂಡಿತು. ಮಗ ಚಿಕ್ಕವನಿದ್ದಾಗ ಅಗಿದರೆ ವೆಂಕಟಮ್ಮ ಬೆನ್ನಿಗೆ ಒಂದು ಕೊಡುತ್ತಿದ್ದಳು — "ನುಂಗೋ! ಮುದ್ದೆ ಏನು ಚಕ್ಲೀನಾ?"

ರುಚಿ ಇಲ್ಲ. ಗೋಡೆಗೆ ಬಳಿಯುವ ಮಣ್ಣಿನ ಹಾಗೆ.

ಅಕ್ಟೋಬರ್ 17

ಮತ್ತೆ ಅಗಿದೆ. ಏನೂ ಇಲ್ಲ.

ಅಕ್ಟೋಬರ್ 28, ಮಂಗಳವಾರ. ಮಧ್ಯಾಹ್ನ 2.15

ಹಬ್ಬ ಮುಗಿಯಿತು. ಸೂತಕದ ವರ್ಷ, ನಾವು ಮಾಡಲಿಲ್ಲ. ಬಾಡಿಗೆ ಮನೆಯ ಮಕ್ಕಳು ಪಟಾಕಿ ಹೊಡೆದರು.

ಇವತ್ತಿನದನ್ನು ಈಗಲೇ ಬರೆಯಬೇಕು.

ತುತ್ತು ಬಾಯಲ್ಲಿತ್ತು. ಅಗಿಯುತ್ತಾ ಕಿಟಕಿ ನೋಡುತ್ತಿದ್ದೆ. ನುಂಗುವುದು ಮರೆತೇ ಹೋಯಿತು. ಆಗ... ಸಿಹಿ. ಬೆಲ್ಲದ ಸಿಹಿಯಲ್ಲ. ಹಾಲು ತುಂಬಿದ ಹಸಿ ತೆನೆ ಸುಟ್ಟು ಬಾಯಿಗೆ ಹಾಕಿಕೊಂಡ ಹಾಗೆ. ಎಲ್ಲಿಂದ ಬಂತು ಅಂತ ನಾಲಿಗೆ ಆಡಿಸಿದೆ. ಇತ್ತು. ಅಲ್ಲೇ ಇತ್ತು.

ಅಷ್ಟರಲ್ಲಿ ವನಜಾ ಬಂದಳು. ನನ್ನ ಕಣ್ಣಲ್ಲಿ ನೀರು, ಬಾಯಿ ಅಂಟಿಕೊಂಡು ಮಾತಿಲ್ಲ. "ಅಯ್ಯೋ ಮಾವ, ಎದೆ ನೋವಾ?" ಅಂತ ಕೂಗಿಕೊಂಡಳು. ಇಲ್ಲ ಇಲ್ಲ ಅಂತ ಕೈ ಆಡಿಸಿದೆ. ನೀರು ಕುಡಿದೆ. ಅವಳು ಬಡಿಸಿದ ಸಾರಿಗೆ ಬೆರಳು ಅದ್ದಿ ನೆಕ್ಕಿದೆ.

"ಉಪ್ಪು ಒಂಚೂರು ಕಮ್ಮಿ ಕಣಮ್ಮ."

 ಅವಳು ಸೆರಗು ಬಾಯಿಗೆ ಹಿಡಿದು ನಗಲು ಶುರು ಮಾಡಿದಳು. ನನ್ನ ನಾಲಿಗೆಯ ವಿಷಯ ಅವಳಿಗೆ ಮೊದಲೇ ಗೊತ್ತಿತ್ತಂತೆ. ಅವತ್ತು ಉಪ್ಪು ಮರೆತಿರಲಿಲ್ಲವಂತೆ — ಬೇಕೆಂದೇ ಹಾಕಿರಲಿಲ್ಲ, ನನ್ನನ್ನು ಪರೀಕ್ಷೆ ಮಾಡಲು!

ಇವಳಿಗೂ ಒಂದು ಪಿಎಚ್‌ಡಿ ಕೊಡಬೇಕು.

ನವೆಂಬರ್ 4, ಮಂಗಳವಾರ. ರಾತ್ರಿ 8

ಪಾಸು. ಐದಕ್ಕೆ ನಾಲ್ಕು.

ಒಂದು ಬಟ್ಟಲಿನದು ಅಗಿಯುವಾಗ ಬೇಗ ಸಿಹಿ ಬಂತು. ಶಿವಾನಿಗೆ ಹೇಳಿದೆ. ಬಾಯಿಯ ಎಂಜಲು ಸೇರಿದರೆ ಹಿಟ್ಟು ಸಕ್ಕರೆಯಾಗುತ್ತದಂತೆ. ಆಮೇಲೆ ತಣ್ಣನೆಯ ಒಂದು ಕೋಣೆ ತೋರಿಸಿದಳು. ಗೋಡೆಯುದ್ದಕ್ಕೂ ಬೀಜದ ಡಬ್ಬಿಗಳು. ಯೂನಿವರ್ಸಿಟಿ ಹೊಸದರಲ್ಲಿ ಒಬ್ಬ ಮೇಷ್ಟ್ರು ಸುತ್ತಮುತ್ತಲ ಮನೆಮನೆಗೂ ಹೋಗಿ ಒಂದೊಂದು ಹಿಡಿ ರಾಗಿ ಕೇಳಿ ತಂದಿದ್ದರಂತೆ. ಬೇಗ ಸಿಹಿಯಾದದ್ದು ಅದರಲ್ಲೊಂದು, ನಮ್ಮೂರಿನದು. ಹೋದ ವರ್ಷ ಮತ್ತೆ ಬಿತ್ತಿ ಬೆಳೆದರಂತೆ. ಈಗ ಊರಲ್ಲಿ ಯಾರ ಹೊಲದಲ್ಲೂ ಇಲ್ಲ — ಹೊಲವೇ ಇಲ್ಲ. ಡಬ್ಬಿಯಲ್ಲಿದೆ.

ಒಂದು ಮುದ್ದೆಗಾಗುವಷ್ಟು ಹಿಟ್ಟು ಕೊಡ್ತೀಯೇನವ್ವ ಅಂದೆ. ಯಾಕೆ ಅಂತ ಕೇಳಿದಳು. ಹೇಳಿದೆ. ಒಳಗೆ ಹೋಗಿ ಅವರ ಮೇಡಂ ಅನ್ನು ಕೇಳಿಕೊಂಡು ಬಂದು ಕಟ್ಟಿ ಕೊಟ್ಟಳು.

ಕೃಷ್ಣಪ್ಪ ಮತ್ತೆ ಫೇಲು. ಕೊನೆಗೂ ಅಗಿಯಲಿಲ್ಲ. "ಬ್ಯಾಡ ಬಿಡ್ಲಾ, ನೀನು ಒಳಗೆ ತಿನ್ನು, ನಾನು ಹೊರಗೆ ಟೀ ಕುಡೀತೀನಿ" ಅಂದ. ಪ್ರತಿ ಮಂಗಳವಾರ ಇಬ್ಬರೂ ಹೋಗುವುದು ಅಂತ ಆಗಿದೆ.

ನವೆಂಬರ್ 5, ಬುಧವಾರ. ಸಂಜೆ 7

ವನಜಾ ಅವರೆಕಾಳು ನೆನೆಸಿಟ್ಟಿದ್ದಾಳೆ. ವೆಂಕಟಮ್ಮನಿಗೆ ಇಷ್ಟವಾದದ್ದು ಅದೇ ಸಾರು. ಹೊಸ ಸೀರೆ ತಂದಾಯಿತು. ಕಟ್ಟಿಕೊಟ್ಟ ಹಿಟ್ಟು ದೇವರ ಗೂಡಿನ ಹತ್ತಿರ ಇಟ್ಟಿದ್ದೇನೆ.

"ಈಗ ನಾಲಿಗೆ ಬಂದೈತಲ್ಲ ಮಾವ, ಸಾರಿಗೆ ಉಪ್ಪು ನೀವೇ ನೋಡ್ಬಿಡಿ" ಅಂದಳು. ಮರುಕ್ಷಣ ತಾನೇ ನಾಲಿಗೆ ಕಚ್ಚಿಕೊಂಡಳು.

ನಾಳೆ ವೆಂಕಟಮ್ಮನ ವರ್ಷದ ಎಡೆ. ಅವಳಿಗೆ ಇಡುವ ತನಕ ಯಾರೂ ರುಚಿ ನೋಡುವ ಹಾಗಿಲ್ಲ.